ಮಸ್ಟರ್ಡ್ ಸ್ಪಿನಾಚ್: ಹೆಸರಿನ ನಿಷ್ಪತ್ತಿ

ಜಪಾನಿನ ಕೊಮಾತ್ಸುನ ಎಂಬ ಸೊಪ್ಪಿಗೆ ಇಂಗ್ಲಿಷಿನಲ್ಲಿ ರೂಢಿಯಾಗಿರುವ ಸಮಾಸನಾಮ ಮಸ್ಟರ್ಡ್ ಸ್ಪಿನಾಚ್. ಇದರ ತವರು ಟೋಕಿಯೊದ ಎದೊಗಾವಾ ವಾರ್ಡ್. ಭಾರತದಿಂದ ಬಂದ ಸಾಫ್ಟ್‌ವೇರ್ ಉದ್ಯೋಗಿಗಳ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ನಿಶಿ ಕಸಾಯಿ ಬಡಾವಣೆಯೂ ಇದೇ ವಾರ್ಡಿಗೆ ಸೇರಿದೆ.

ಸಮಾಸದ ಪೂರ್ವಪದವಾದ ಮಸ್ಟರ್ಡ್ ಮೂಲದಲ್ಲಿ ಗಿಡದ ಹೆಸರಲ್ಲ. ಹೊಸದಾಗಿ ಹಿಂಡಿದ ದ್ರಾಕ್ಷಾರಸಕ್ಕೆ ಲ್ಯಾಟಿನ್ನಿನಲ್ಲಿ ಮುಸ್ಟುಮ್ ಎನ್ನುತ್ತಿದ್ದರು; ಸಾಸಿವೆಯನ್ನು ಅರೆದು ಆ ರಸದಲ್ಲಿ ಕಲಸಿದ ವ್ಯಂಜನಕ್ಕೆ ಹಳೆಯ ಫ್ರೆಂಚಿನಲ್ಲಿ ಬಂದ ಹೆಸರು ಇಂಗ್ಲಿಷಿಗೆ ದಾಟಿ, ಕ್ರಮೇಣ ಬೀಜಕ್ಕೂ ಗಿಡಕ್ಕೂ ಅಂಟಿಕೊಂಡಿತು. ಉತ್ತರಪದವಾದ ಸ್ಪಿನಾಚ್ ಪರ್ಷಿಯನ್ ಭಾಷೆಯಲ್ಲಿ ಹುಟ್ಟಿ, ಅರಬ್ಬಿ ಮತ್ತು ಫ್ರೆಂಚ್ ಭಾಷೆಗಳನ್ನು ಹಾದು ಇಂಗ್ಲಿಷನ್ನು ಸೇರಿದೆ.

ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಈ ಎರಡು ಪದಗಳ ಯೋಗ್ಯತೆ ಸಮನಾಗಿಲ್ಲ. ಕೊಮಾತ್ಸುನ ಬ್ರಾಸಿಕಾ ರಾಪಾ ಪ್ರಭೇದದ ಪರ್ವಿರಿಡಿಸ್, ಅಂದರೆ ‘ಕಡುಹಸಿರು’ ಎಂಬ ಅರ್ಥದ ಬಗೆಯಾಗಿದ್ದು, ಟರ್ನಿಪ್ ಗೆಡ್ಡೆಯ ಪ್ರಭೇದವೂ ಅದೇ, ಒಗ್ಗರಣೆಯ ಸಾಸಿವೆಯ ಕುಲವೂ ಅದೇ ಆದ್ದರಿಂದ ಪೂರ್ವಪದಕ್ಕೆ ಆಧಾರವಿದೆ. ಪಾಲಕ್ ಆದರೋ ದಂಟಿನ ಸೊಪ್ಪಿನ ಕುಟುಂಬಕ್ಕೆ ಸೇರಿದ್ದು. ಆ ಪದ ಇಲ್ಲಿ ಸೇರಿರುವುದು ಎಲೆಯ ಬಣ್ಣ ಮತ್ತು ಅಡುಗೆಯ ಬಳಕೆಯಿಂದಲೇ ಹೊರತು ನೆಂಟಸ್ತನದಿಂದಲ್ಲ.

ಜಪಾನೀ ಹೆಸರಿನ ಕಥೆ ಇದಕ್ಕಿಂತ ಸಮೃದ್ಧವಾಗಿದೆ. ‘ನ’ ಎಂದರೆ ಸೊಪ್ಪು. ‘ಕೊಮಾತ್ಸು’ ಎಂಬುದು ಕೊಮಾತ್ಸುಗಾವಾ ಎಂಬ ಊರಿನ ಹೆಸರಿನ ಮೊದಲ ಭಾಗ. ಎಂಟನೆಯ ಶೋಗನ್ ತೊಕುಗಾವಾ ಯೊಶಿಮುನೆ 1719ರಲ್ಲಿ ಡೇಗೆಬೇಟೆಗೆ ಬಂದಾಗ ಸ್ಥಳೀಯ ದೇಗುಲದ ಅರ್ಚಕ ಈ ಸೊಪ್ಪು ಹಾಕಿದ ತಿಳಿಸಾರನ್ನು ಬಡಿಸಿದನೆಂದೂ, ಅದನ್ನು ಮೆಚ್ಚಿದ ಶೋಗನ್ ಊರಿನ ಹೆಸರನ್ನೇ ಸೊಪ್ಪಿಗೆ ಇಟ್ಟನೆಂದೂ ಐತಿಹ್ಯವಿದೆ. ಐತಿಹ್ಯವನ್ನು ಬದಿಗಿಟ್ಟರೂ ಊರಿನ ನಂಟು ಗಟ್ಟಿಯಾದುದೇ, ಏಕೆಂದರೆ ಇದೇ ಸೀಮೆಯ ಸೊಪ್ಪಿಗೆ ಹಿಂದೆ ಕಸಾಯಿನ, ಅಂದರೆ ಕಸಾಯಿಯ ಸೊಪ್ಪು, ಎಂಬ ಹೆಸರೂ ಇತ್ತು. ಕಸಾಯಿ ಎಂಬುದು ಕತ್ಸುಶಿಕಾ ಎಂಬ ಹಳೆಯ ನಾಡಿನ ಪಶ್ಚಿಮ ಭಾಗವನ್ನು ಸೂಚಿಸುತ್ತದೆ. ಅದರ ಮುಂದೆ ಮತ್ತೆ ಪಶ್ಚಿಮ ಎಂಬ ಅರ್ಥದ ‘ನಿಶಿ’ ಸೇರಿ ಇಂದಿನ ಬಡಾವಣೆಯ ಹೆಸರಾಗಿದೆ. ಟೋಕಿಯೊ ಸುತ್ತಮುತ್ತ ಹೊಸವರ್ಷದಂದು ಮಾಡುವ ಜೋನಿ ಎಂಬ ಅಕ್ಕಿಕಡುಬಿನ ಸಾರಿಗೆ ಇಂದಿಗೂ ಈ ಸೊಪ್ಪನ್ನೇ ಹಾಕುವುದು ರೂಢಿ.

ಇಂಗ್ಲಿಷ್ ಸಮಾಸವನ್ನು ‘ಸಾಸಿವೆ ಪಾಲಕ್’ ಎಂದು ಅನುವಾದಿಸಿದರೆ ಇಲ್ಲದ ನೆಂಟಸ್ತನವೊಂದು ಕನ್ನಡಕ್ಕೂ ಬಂದು ಸೇರುತ್ತದೆ. ಕೊಮಾತ್ಸುನ ಸೊಪ್ಪು ಎಂದು ಊರಿನ ಹೆಸರನ್ನು ಉಳಿಸಿಕೊಳ್ಳುವುದೇ ಸರಿಯಾದ ಕ್ರಮ.