ಶೆಫೀಲ್ಡಿನ ಅಲಗಿನ ಮೇಲಿನ ಬರಹ

1827ರ ಸೆಪ್ಟೆಂಬರ್ 19ರಂದು ಮಿಸಿಸಿಪಿ ನದಿಯ ಮರಳುದಿಣ್ಣೆಯೊಂದರ ಮೇಲೆ ನಡೆದ ಪಿಸ್ತೂಲು ದ್ವಂದ್ವ ಯಾರಿಗೂ ಗಾಯವಾಗದೆ ಮುಗಿಯಿತು. ಜಗಳವಾದದ್ದು ಅನಂತರ, ಎರಡೂ ಕಡೆಯ ಬೆಂಬಲಿಗರ ನಡುವೆ. ಗುಂಡೇಟು, ಇರಿತ ಎರಡನ್ನೂ ತಿಂದ ಜೇಮ್ಸ್ ಬೋವೀ ಎಂಬಾತ ತನ್ನ ದೊಡ್ಡ ಚಾಕುವಿನಿಂದ ಎದುರಾಳಿಯನ್ನು ಕೊಂದ. ಪತ್ರಿಕೆಗಳು ಸುದ್ದಿಯನ್ನು ಹಬ್ಬಿಸಿದವು. 1836ರಲ್ಲಿ ಅಲಾಮೊದಲ್ಲಿ ಅವನು ಮಡಿದ ಮೇಲಂತೂ ಅವನ ಹೆಸರಿನ ಚಾಕು ಎಲ್ಲರಿಗೂ ಬೇಕಾಯಿತು. ಈ ವೀರ ಗುಲಾಮರ ಕಳ್ಳಸಾಗಣೆಯಿಂದ ಹಣ ಮಾಡಿದವನೆಂಬುದನ್ನು ದಂತಕಥೆ ಹೇಳುವುದಿಲ್ಲ.

ಅಮೆರಿಕದ ಆ ಬೇಡಿಕೆಯನ್ನು ಬಹುಪಾಲು ಪೂರೈಸಿದ್ದು ಇಂಗ್ಲೆಂಡಿನ ಶೆಫೀಲ್ಡ್. ಸ್ವೀಡನ್ನಿನ ಕಬ್ಬಿಣವನ್ನು ಮೂಸೆಯಲ್ಲಿ ಕರಗಿಸಿ ಒಳ್ಳೆಯ ಉಕ್ಕು ಮಾಡುವ ವಿದ್ಯೆ ಆ ಊರಿಗೆ ಬೆಂಜಮಿನ್ ಹಂಟ್ಸ್‌ಮನ್ ಕಾಲದಿಂದ ಕರಗತವಾಗಿತ್ತು. (ಮೂಸೆಯ ಉಕ್ಕು ನಮ್ಮ ಸೀಮೆಗೂ ಹಳೆಯದೇ, ಇಂಗ್ಲಿಷಿನ ‘ವೂಟ್ಜ್’ ನಮ್ಮ ‘ಉಕ್ಕು’ ಪದದಿಂದಲೇ ಬಂದಿತೆನ್ನುತ್ತಾರೆ.) ಜಾರ್ಜ್ ವೋಸ್ಟನ್‌ಹೋಮ್ ತನ್ನ ಕಾರ್ಖಾನೆಗೆ ‘ವಾಷಿಂಗ್ಟನ್ ವರ್ಕ್ಸ್’ ಎಂದೇ ಹೆಸರಿಟ್ಟ. ಗಿರಾಕಿ ಯಾರೆಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ.

ಸಂಗ್ರಾಹಕರು ಇಂಥ ಚಾಕುವಿನ ಕಾಲವನ್ನು ಅಲಗಿನ ಬುಡದಲ್ಲಿ ಓದುತ್ತಾರೆ. ರಾಜಮುದ್ರೆ ‘ಡಬ್ಲ್ಯು ಆರ್’ ಎಂದಿದ್ದರೆ ನಾಲ್ಕನೆಯ ವಿಲಿಯಮನ ಆಳ್ವಿಕೆ, ಅಂದರೆ 1830ರಿಂದ 1837. ‘ವಿ ಆರ್’ ಎಂದಿದ್ದರೆ ವಿಕ್ಟೋರಿಯಾ. ‘ಇಂಗ್ಲೆಂಡ್’ ಎಂಬ ಪದವಿದ್ದರೆ ಅದು ಸಾಮಾನ್ಯವಾಗಿ 1890ರ ಅಮೆರಿಕನ್ ಸುಂಕದ ಕಾಯಿದೆಯ ನಂತರದ ಮಾಲು. ಆದರೆ ಅವರು ಹೆಚ್ಚು ಬೆಲೆ ಕೊಡುವುದು ಆಮ್ಲದಿಂದ ಕೊರೆದ ಘೋಷಣೆಗಳಿಗೆ. ಕೆಲವು ಸಾಧು: ‘ಬೇಟೆಗಾರನ ಸಂಗಾತಿ’. ಕೆಲವು ಹಾಗಲ್ಲ. ಅಂತರ್ಯುದ್ಧಕ್ಕೆ ಮುಂಚಿನ ಕೆಲವು ಅಲಗುಗಳ ಮೇಲೆ, ಗುಲಾಮಗಿರಿಯ ನಿರ್ಮೂಲನೆಗೇ ಮರಣವನ್ನು ಕೋರುವ ಮಾತಿದೆ.

ಇದನ್ನು ಕೊರೆದದ್ದು ಯಾವ ಊರು? 1789ರಲ್ಲಿ ಅಲ್ಲಿನ 769 ಲೋಹಕರ್ಮಿಗಳು ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದ್ದರು. ತಮ್ಮ ಸರಕು ಆಫ್ರಿಕದ ಕರಾವಳಿಗೆ ಹೋಗುತ್ತದೆ, ಆ ವ್ಯಾಪಾರ ನಿಂತರೆ ತಮಗೆ ನಷ್ಟವಾಗಬಹುದು ಎಂದು ತಿಳಿದೂ ಸಹಿ ಹಾಕಿದವರು ಅವರು. 1825ರಲ್ಲಿ ಅದೇ ಊರಿನ ಹೆಂಗಸರು ಗುಲಾಮಗಿರಿ ವಿರೋಧಿ ಸಂಘ ಕಟ್ಟಿದರು. ಅವರ ಮೊಮ್ಮಕ್ಕಳ ಕಾಲಕ್ಕೆ ದಕ್ಷಿಣದ ತೋಟದ ಒಡೆಯರಿಗೆ ಬೇಕಾದ ಮಾತನ್ನು ಶೆಫೀಲ್ಡ್ ಉಕ್ಕಿನ ಮೇಲೆ ಬರೆದುಕೊಟ್ಟಿತು. ಕೊರೆದವನಿಗೆ ಅದು ದಿನಗೂಲಿಯ ಕೆಲಸ. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಬೇಡಿಕೆಯ ಪಟ್ಟಿ ಹಿಡಿದು ಬಂದ ವರ್ತಕನ ವಿಷಯದಲ್ಲಿ ಅಷ್ಟು ಉದಾರನಾಗಲಾರೆ.

ಈ ಬರಹಗಳು ಬಹಳ ತೆಳು. ತುಕ್ಕು ತೆಗೆಯುವ ಉತ್ಸಾಹದಲ್ಲಿ ಅಲಗನ್ನು ಉಜ್ಜಿದವರು ಎಷ್ಟೋ ಘೋಷಣೆಗಳನ್ನು ಅಳಿಸಿಬಿಟ್ಟಿದ್ದಾರೆ. ಬರಿದಾದ ಹಳೆಯ ಅಲಗಿನ ಮೇಲೆ ಹೊಸದಾಗಿ ಕೊರೆದು ಮಾರುವವರೂ ಇದ್ದಾರೆ. ಆದ್ದರಿಂದ ಅನುಭವಿ ಸಂಗ್ರಾಹಕ ಚಾಕುವನ್ನು ಕೊಳ್ಳುವ ಮೊದಲು ಬೆಳಕಿಗೆ ಓರೆಯಾಗಿ ಹಿಡಿದು, ಅಕ್ಷರಗಳ ಅಂಚು ಅಲಗಿನಷ್ಟೇ ಸವೆದಿದೆಯೇ ಎಂದು ನೋಡುತ್ತಾನೆ.