ಕೈತಪ್ಪಿದ ಎರಡನೆಯ ಓಟು

ಭೀಮೆಯ ದಂಡೆಯ ನಮ್ಮ ಅಗರಖೇಡ 1956ರ ತನಕ ಮುಂಬಯಿ ಸೀಮೆಯಲ್ಲಿತ್ತು. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರಕಾರ ಅಸ್ಪೃಶ್ಯ ಮತದಾರರಿಗೆ ಎರಡು ಓಟು ಘೋಷಿಸಿತು: ಒಂದು ಎಲ್ಲರ ಜೊತೆ, ಇನ್ನೊಂದು ತಮ್ಮವನನ್ನು ತಾವೇ ಆರಿಸಲು. ಗಾಂಧೀಜಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಬಾಬಾಸಾಹೇಬರು ಪುಣೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಮೀಸಲು ಸೀಟು 71ರಿಂದ 148 ಆದವು. ಎರಡನೆಯ ಓಟು ಹೋಯಿತು. ಗೆಲ್ಲಿಸುವ ಮಾತು ಊರು-ಕೇರಿ ಕೂಡಿದ ಪಟ್ಟಿಗೆ ಬಿತ್ತು. ಅಲ್ಲಿ ಕೇರಿಯವರು ಎಷ್ಟು ಮಂದಿ?

1937ರಲ್ಲಿ ಹೊಲ, ಕಂದಾಯ, ಓದು ಇದ್ದವರಿಗಷ್ಟೇ ಓಟು. 1952ರಲ್ಲಿ ನಮ್ಮಂಥ ಬರಿಗೈಯವರಿಗೂ ಬಂತು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಬಿಜಾಪುರ ಲೋಕಸಭಾ ಕ್ಷೇತ್ರವೇ ಮೀಸಲಾಯಿತು. ಕುರ್ಚಿ ನಮ್ಮದು ಖರೆ. ಅಲ್ಲಿ ಕೂತವ ಯಾರ ಓಟಿಗೆ ಅಂಜಬೇಕು?

ಗೆಳೆಯರೇ, ಉಳಿದದ್ದು ಒಂದೇ ಓಟು. ಅದನ್ನೂ ಮಾರಿಕೊಂಡರೆ ಕೇರಿಗೆ ಬಾಯೇ ಇರಂಗಿಲ್ಲ.