ಸಪೂರ ಕೊಕ್ಕಿನ ಕರ್ಲ್ಯೂ: ದಾರಿ ತಪ್ಪಿದ ಹಕ್ಕಿಯ ದಾಖಲೆಗಳು

ಸಪೂರ ಕೊಕ್ಕಿನ ಕರ್ಲ್ಯೂ ಗೊರವಗಳ ಬಳಗದ ವಲಸೆ ಹಕ್ಕಿ. 1817ರಲ್ಲಿ ಫ್ರಾನ್ಸಿನ ಪಕ್ಷಿಶಾಸ್ತ್ರಜ್ಞ ವಿಯೆಯೊ ಇದನ್ನು ಪ್ರತ್ಯೇಕ ಪ್ರಭೇದವೆಂದು ವರ್ಣಿಸಿದರು. ತುದಿಯತ್ತ ತೆಳುವಾಗುತ್ತ ಬಾಗಿದ ಕೊಕ್ಕು, ಬೆಳ್ಳನೆಯ ಹೊಟ್ಟೆ, ಪಕ್ಕೆಗಳ ಮೇಲೆ ಹೃದಯಾಕಾರದ ಕಪ್ಪು ಚುಕ್ಕೆಗಳು ಇದರ ಗುರುತು. ಹತ್ತೊಂಬತ್ತನೆಯ ಶತಮಾನದ ಚಳಿಗಾಲಗಳಲ್ಲಿ ಮೆಡಿಟರೇನಿಯನ್ ಸುತ್ತಲಿನ ಜೌಗುಗಳಲ್ಲಿ, ಅದರಲ್ಲೂ ಉತ್ತರ ಆಫ್ರಿಕದಲ್ಲಿ, ಇದು ಅಪರೂಪವೇನಾಗಿರಲಿಲ್ಲ.

ಆದರೆ ಇದರ ತವರು ಯಾವುದೆಂಬುದು ಸರಿಯಾಗಿ ತಿಳಿಯಲೇ ಇಲ್ಲ. 1909ರಿಂದ 1925ರ ನಡುವೆ ಪಶ್ಚಿಮ ಸೈಬೀರಿಯದ ತಾರಾ ಪಟ್ಟಣದ ಬಳಿ ಉಷಾಕೋವ್ ಎಂಬವರು ಕಂಡ ಗೂಡುಗಳನ್ನು ಬಿಟ್ಟರೆ ಬೇರೆ ಗೂಡುಗಳ ಖಚಿತ ದಾಖಲೆ ಇಲ್ಲ. ಇತ್ತೀಚೆಗೆ ಸಂಗ್ರಹಾಲಯಗಳಲ್ಲಿದ್ದ ಮರಿಹಕ್ಕಿಗಳ ಗರಿಗಳನ್ನು ರಾಸಾಯನಿಕವಾಗಿ ಪರೀಕ್ಷಿಸಿದಾಗ, ಅವು ಹೆಚ್ಚಾಗಿ ಇನ್ನೂ ದಕ್ಷಿಣಕ್ಕಿರುವ ಉತ್ತರ ಕಜಕಸ್ತಾನದ ಹುಲ್ಲುಗಾವಲುಗಳ ಸುತ್ತ ಹುಟ್ಟಿದ್ದವೆಂಬ ಸೂಚನೆ ದೊರೆಯಿತು.

ಅಲ್ಲಿಂದ ಕ್ಯಾಸ್ಪಿಯನ್, ಕಪ್ಪು ಸಮುದ್ರಗಳ ಕಡೆಯಿಂದ ನೈಋತ್ಯಕ್ಕೆ ಸಾಗುವುದು ಇದರ ವಾಡಿಕೆಯ ದಾರಿಯಾಗಿತ್ತು. ಆ ದಾರಿಯಿಂದ ಬಹುದೂರದಲ್ಲಿ ಸಿಕ್ಕ ಹಕ್ಕಿಗಳಲ್ಲಿ ಕೆನಡಾದ್ದು ಹೆಸರಾಂತದ್ದು. 1925ರ ಸುಮಾರಿಗೆ ಒಂಟಾರಿಯೊ ಪ್ರಾಂತದ ಈರಿ ಸರೋವರದ ದಂಡೆಯಲ್ಲಿ ಸಿಕ್ಕ ಒಂದು ಹಕ್ಕಿಯ ಚರ್ಮವನ್ನು ಕಾಪಿಡಲಾಗಿದೆ. ಕೈಯಲ್ಲಿ ಹಿಡಿದು ನೋಡಬಹುದಾದ ಇಂಥ ಮಾದರಿಯೇ ಆ ಕಾಲದ ಪುರಾವೆ.

ಹಕ್ಕಿ ವಿರಳವಾದಂತೆ, ಮಾದರಿಗಳನ್ನು ಹೊಡೆದು ತರುತ್ತಿದ್ದ ಕೋವಿಯ ಜಾಗಕ್ಕೆ ದುರ್ಬೀನು, ಕ್ಯಾಮೆರಾ ಬಂದವು. ಗುರುತಿನ ಬಗೆಗಿನ ವಾದವೂ ಬೆಳೆಯಿತು. 1998ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ನಾರ್ತಂಬರ್ಲೆಂಡ್ ಕರಾವಳಿಯ ಡ್ರುರಿಜ್ ಕೊಲ್ಲಿಯಲ್ಲಿ ಕಾಣಿಸಿದ ಎಳೆಯ ಕರ್ಲ್ಯೂವನ್ನು ಈ ಪ್ರಭೇದವೆಂದು ಒಪ್ಪಿ, ಬ್ರಿಟನ್ನಿನ ಪಕ್ಷಿಪಟ್ಟಿಗೆ ಸೇರಿಸಲಾಯಿತು. ಆದರೆ ಸಾಮಾನ್ಯ ಕರ್ಲ್ಯೂಗಳಲ್ಲೂ ಗಾತ್ರ, ಕೊಕ್ಕಿನ ಉದ್ದ ಬಹಳ ವ್ಯತ್ಯಾಸವಾಗುತ್ತದೆ. ಮರುಪರಿಶೀಲನೆಯಲ್ಲಿ ಪುರಾವೆ ಸಾಲದೆಂದು ಕಂಡು, ಸುಮಾರು ಹದಿನೈದು ವರ್ಷಗಳ ಬಳಿಕ ಅದನ್ನು ಪಟ್ಟಿಯಿಂದ ತೆಗೆಯಲಾಯಿತು.

ಇದರಿಂದ ಕೊನೆಯ ನಿರ್ವಿವಾದ ದರ್ಶನ ಮೊರಾಕೊದ ಮೆರ್ಜಾ ಜೆರ್ಗಾ ಹಿನ್ನೀರಿನದೇ ಆಗಿ ಉಳಿಯಿತು; ಅದು 1995ರ ಫೆಬ್ರವರಿಯದು. ಬೇಟೆ, ಜೌಗುಗಳ ಬತ್ತಿಸುವಿಕೆ, ಉಳುಮೆಗೆ ಒಳಗಾದ ಹುಲ್ಲುಗಾವಲುಗಳು ಇದರ ಅವನತಿಗೆ ಕಾರಣಗಳೆಂದು ಎಣಿಸಲಾಗಿದೆ. ಹಲವು ದೇಶಗಳಲ್ಲಿ ನಡೆದ ಹುಡುಕಾಟ ಫಲಿಸದೆ, 2025ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಪ್ರಭೇದ ಅಳಿದಿದೆಯೆಂದು ಘೋಷಿಸಿತು.